ಪೆಂಗ್ವಿನ್ ಮೇಲೆ ಬರುವವರೆಗೆ

ಕೊಲ್ಲಿ ನಾಡಿನ ಅಲ್ ಹಿಲಾಲ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಉಳ್ಳಾಲದ ಕಡೆಯ ಇಲೆಕ್ಟ್ರಿಷಿಯನ್. ಶುಕ್ರವಾರ ಮಧ್ಯಾಹ್ನ ನಮ್ಮ ಟಿವಿಯಲ್ಲಿ ಪೆಂಗ್ವಿನ್ ಮೀನಿಗಾಗಿ ಮುಳುಗಿದರೆ ಅವರೂ ಕೆನ್ನೆ ಉಬ್ಬಿಸಿ ಉಸಿರು ಹಿಡಿಯುತ್ತಿದ್ದರು. ಅದು ಮಂಜುಗಡ್ಡೆಯ ಮೇಲೆ ನೆಗೆದ ಕೂಡಲೇ, ಅದುವರೆಗೆ ಬಾಯಿ ಮುಚ್ಚಿಕೊಂಡೇ ಇದ್ದವರು, “ನಾನು ಹೇಳ್ಲಿಲ್ವಾ, ಬರ್ತದೆ ಅಂತ” ಎನ್ನುತ್ತಿದ್ದರು. ನನ್ನ ಪುಟ್ಟ ಮಗಳೂ ಹೀಗೇ ಉಸಿರು ಹಿಡಿಯಲು ಕಲಿತಳು.

ಕುವೈತ್ ಯುದ್ಧ ಮುಗಿದ ಮರುವರ್ಷ, ನನ್ನ ಕೆಲಸ ಹೋದ ವಾರ, ಪೆಂಗ್ವಿನ್ ನೀರಿನಡಿಯಲ್ಲಿದ್ದಾಗಲೇ ಫ್ಯೂಸ್ ಹೋಗಿ ಟಿವಿ ನಿಂತಿತು. ಮಗಳು ಉಸಿರು ಬಿಡಲೇ ಇಲ್ಲ, ಮುಖ ಕೆಂಪಾಯಿತು. ಪಕ್ಕದ ಮನೆಯವರು ಫ್ಯೂಸಿನತ್ತ ಹೋಗದೆ ಅವಳೆದುರು ಕುಳಿತರು.

“ಬಿಡು ಮಗಾ. ಕರೆಂಟು ಹೋದದ್ದು ನಮ್ಮಲ್ಲಿ, ಸಮುದ್ರದಲ್ಲಿ ಅಲ್ಲ. ಅದು ಮೀನು ತಿಂದು ಮೇಲೆ ಬಂದಾಯ್ತು.”

ಮಗಳು ಉಸಿರು ಬಿಟ್ಟಳು. ಫ್ಯೂಸ್ ನೋಡಲು ಎದ್ದು ಹೊರಟವರು ನನ್ನ ಮುಖ ನೋಡಿ ನಿಂತರು.

“ನೀವೂ ಬಿಡಿ ಮಾರಾಯ್ರೆ. ಬರ್ತದೆ.”