ಅಕ್ಕ ತಟ್ಟಿದ ರಿಲೇ

ಅಕ್ಕನ ಬಲಗಿವಿಯಲ್ಲಿ ಬೆಂಡೋಲೆ ಇರುತ್ತಿತ್ತು, ಎಡಗಿವಿ ಬರಿದು. ಪರೀಕ್ಷೆಯ ಪೆಟ್ಟಿಗೆಗೆ ಎಡಗಿವಿ ಒತ್ತಿ ಒಳಗಿನ ರಿಲೇಗಳ ಟಿಕ್ ಟಿಕ್ ಕೇಳುವುದು ಅವರ ಅಭ್ಯಾಸ. ಓಲೆ ಚುಚ್ಚುತ್ತದೆ ಎಂದು ತೆಗೆದಿಟ್ಟವರು ಮದುವೆಮನೆಗಳಿಗೂ ಹಾಗೆಯೇ ಬರುತ್ತಿದ್ದರು. ಯಾರಾದರೂ ನಕ್ಕರೆ ತಾವೂ ನಗುತ್ತಿದ್ದರು.

ಪುತ್ತೂರಿನಲ್ಲಿ ಅವರು ನಡೆಸುತ್ತಿದ್ದ ಸಣ್ಣ ಲ್ಯಾಬಿನಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿ ಎಲ್ಲರಿಗೂ ಅವರು ಅಕ್ಕ. ರಿಲೇ ಎಂದರೆ ಉಪಗ್ರಹದೊಳಗೆ ಕರೆಂಟು ಹಾಯಿಸುವ, ತಡೆಯುವ ಪುಟ್ಟ ಸ್ವಿಚ್ಚು. ಅವನ್ನು ಕಾಯಿಸಿ, ಮರಗಟ್ಟುವಷ್ಟು ತಣಿಸಿ, ತಿಂಗಳುಗಟ್ಟಲೆ ಹಾಕುತ್ತ ಆರಿಸುತ್ತ ಎಷ್ಟು ಬಾಳುತ್ತವೆ ಎಂದು ನೋಡುವುದು ನಮ್ಮ ಕೆಲಸ. ಕಂಡವರಿಗೆ ನಾವು ಸುಮ್ಮನೆ ಕೂತವರು. "ಹಾಳಾಗುದಾದ್ರೆ ಇಲ್ಲಿಯೇ ಹಾಳಾಗ್ಲಿ" ಎಂದು ಅಕ್ಕ ಆರಾಮವಾಗಿ ಕಾಯುತ್ತಿದ್ದರು. ತಮ್ಮೂರು ಕಲ್ಲುಗುಂಡಿಯ ಮನೆಯವರಿಗೆ ಫೋನಿನಲ್ಲಿ ಮನೆಮಾತು ಅರೆಭಾಷೆಯಲ್ಲಿ ಜೋರು ಮಾಡುವಾಗಲೂ ಒಂದು ಕಿವಿ ಪೆಟ್ಟಿಗೆಯ ಕಡೆಗೇ.

ಲ್ಯಾಬಿಗೆ ಮೊದಲ ಸಲ ದೊಡ್ಡ ಕೆಲಸ ಸಿಕ್ಕಿತ್ತು. ಅದು ದಡ ಸೇರಿದರೆ ಲ್ಯಾಬ್ ಉಳಿಯುತ್ತದೆ, ಇಲ್ಲವಾದರೆ ಬಾಗಿಲು ಹಾಕಬೇಕು ಎಂದು ನಮಗೆಲ್ಲ ಗೊತ್ತಿತ್ತು. ಪರೀಕ್ಷೆ ಮುಗಿಯುವ ವಾರ, ದಾಖಲಿಸುವ ಯಂತ್ರ ನಿಲ್ಲಿಸಿ ತಂತಿಗಳನ್ನು ನೋಡುತ್ತಿದ್ದಾಗ ಒಂದು ರಿಲೇ ಅಂಟಿಕೊಂಡು ನಿಂತಿತು. ಅಕ್ಕ ಯೋಚಿಸಲೇ ಇಲ್ಲ, ಬೆರಳಿನಿಂದ ಒಮ್ಮೆ ತಟ್ಟಿದರು. ತೋಟದ ಪಂಪಿನ ಸ್ಟಾರ್ಟರ್ ಅಂಟಿ ನಿಂತರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ರಿಲೇ ಟಿಕ್ ಎಂದು ಬಿಟ್ಟಿತು, ಮತ್ತೆ ಕೆಲಸ ಮಾಡತೊಡಗಿತು. ಅಕ್ಕನ ಮುಖ ಮಾತ್ರ ಬಿಳಿಚಿಕೊಂಡಿತು.

ನೋಡಿದವಳು ನಾನೊಬ್ಬಳೇ, ಯಂತ್ರದಲ್ಲೂ ದಾಖಲಾಗಿರಲಿಲ್ಲ. ಈಗ ಸರಿಯಾಯಿತಲ್ಲ, ಯಾರಿಗೆ ಯಾಕೆ ಹೇಳಬೇಕು ಎಂದು ವಾದ ಮಾಡಿದೆ.

"ಇಲ್ಲಿ ನಾನು ತಟ್ಟಿದೆ. ಅಲ್ಲಿ ಮೇಲೆ ತಟ್ಟಲಿಕ್ಕೆ ಯಾರುಂಟು ಮಾರಾಯ್ತಿ?" ಎಂದರು.

ಕೆಲಸ ಕೊಟ್ಟವರಿಗೆ ಅವತ್ತೇ ಫೋನ್ ಮಾಡಿ ತಾವು ತಟ್ಟಿದ್ದನ್ನೂ ಬಿಡದೆ ಹೇಳಿದರು. ಕೆಲಸ ಕೊಟ್ಟವರು ರಿಲೇಯನ್ನು ಬಿಚ್ಚಿ ನೋಡಿದರು. ಅಂಟಿದ್ದು ಯಾಕೆಂದು ತೋರಿಸುವ ಗುರುತು ಅಕ್ಕ ತಟ್ಟಿದ್ದರಿಂದ ಅಳಿಸಿಹೋಗಿತ್ತು. ಕಾರಣ ಗೊತ್ತಾಗದ ಮೇಲೆ ಅದರ ಜೊತೆಗೆ ತಯಾರಾದ ರಿಲೇಗಳನ್ನೆಲ್ಲ ಬದಿಗಿಟ್ಟರು, ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಸ್ವಲ್ಪ ಕಾಲದಲ್ಲೇ ನಮ್ಮ ಲ್ಯಾಬಿಗೆ ಬೀಗ ಬಿತ್ತು. ನನಗೆ ಅಕ್ಕನ ಮೇಲೆ ಕೆಂಡದಂಥ ಸಿಟ್ಟು. ಬಹಳ ಸಮಯ ಮಾತಾಡಿಸಲೇ ಇಲ್ಲ.

ಕಾಯಿಲೆ ಬಿದ್ದಿದ್ದಾರೆಂದು ಕೇಳಿ ಕಲ್ಲುಗುಂಡಿಗೆ ಹೋದೆ. ತೀರಾ ಸೊರಗಿದ್ದರು. ಆದರೂ ಹೊಟ್ಟೆಯೊಳಗಿನದ್ದನ್ನು ಕೇಳದೆ ಇರಲಾಗಲಿಲ್ಲ. ಆ ರಿಲೇ ಒಳ್ಳೆಯದೇ ಇದ್ದಿರಬಹುದಲ್ಲ ಎಂದೆ.

"ಇದ್ದಿರ್ಬಹುದು. ನಂಗೆ ಬೇಜಾರು ಉಂಟು. ಮೇಲೆ ಹೋದದ್ದು ಏನಾಗ್ತದೋ ಅಂತ ಹೆದರಿಕೆ ಇಲ್ಲ" ಎಂದರು.

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ನಾನೀಗ ಬೇರೆ ಊರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ನಾವು ಪರೀಕ್ಷಿಸಿದ ತುಂಡುಗಳನ್ನು ಹೊತ್ತ ಉಪಗ್ರಹ ಹಾರುವ ಮುನ್ನಾದಿನ ಜೊತೆಯವರಿಗೆ ನಿದ್ದೆ ಹತ್ತುವುದಿಲ್ಲ. ಕಂಡದ್ದನ್ನೆಲ್ಲ ಹೇಳಿಬಿಟ್ಟಿರುತ್ತೇನೆ, ನನಗೆ ಹತ್ತುತ್ತದೆ. ಆ ನಿದ್ದೆಯನ್ನು ಅಕ್ಕ ತಮ್ಮ ಲ್ಯಾಬ್ ಕಳೆದುಕೊಂಡು ನನಗೆ ಕೊಟ್ಟುಹೋದರು.