ಸಾಯುವ ಹಾಡು ಯಾರಿಗೆ

ವಿಷ ಕೊಡುವ ಪಾತ್ರ ನನಗೆ ಬಂತು, ವಿಷ ತಿಂದು ಹಾಡುತ್ತ ಸಾಯುವ ಪಾತ್ರ ನನ್ನ ವಾರಗಿತ್ತಿಗೆ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಕೆರೆಬಿಳಚಿಯ ನಮ್ಮ ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ತಟ್ಟುವವರು. ಪಾತ್ರ ಹಂಚಿದ ದಿನ ನಾನು ಮನೆಗೆ ಬಂದು ರೊಟ್ಟಿ ತಟ್ಟಿದ ಸದ್ದು ಬೀದಿಯ ಆ ತುದಿಗೂ ಕೇಳಿಸಿತಂತೆ.

ನಮ್ಮ ಭಜನಾ ಮಂಡಳಿಯ ಹೆಂಗಸರೆಲ್ಲ ಸೇರಿ ಒಂದು ಸಂಗೀತ ನಾಟಕ ಆಡಲು ಹೊರಟಿದ್ದೆವು. ಗಂಡು ಪಾತ್ರಗಳಿಗೂ ನಾವೇ ಮೀಸೆ ಅಂಟಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ನಾಟಕ ಬರೆದು ಹಾಡು ಕಟ್ಟಿಕೊಟ್ಟವರು ಹೊನ್ನಾಳಿಯ ಪೇಟಿ ಮಾಸ್ತರು. ವಾರವೆಲ್ಲ ತಮ್ಮ ಟೈಲರ್ ಅಂಗಡಿಯಲ್ಲಿ ಬಟ್ಟೆ ಹೊಲಿದು, ಭಾನುವಾರ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ ವಯಸ್ಸಾದ ಸಾಹೇಬರು. ಅವರ ಕಥೆಯಲ್ಲಿ ಒಂದು ನಾಟಕ ಕಂಪನಿ, ಅದರಲ್ಲಿ ಇಬ್ಬರು ನಟಿಯರು. ಇಬ್ಬರಿಗೂ ಕೊಳಲು ನುಡಿಸುವವನ ಮೇಲೆ ಮನಸ್ಸು. ಅವನು ಕಿರಿಯಳನ್ನು ಮೆಚ್ಚುತ್ತಾನೆ. ಹಿರಿಯಳು ಹೊಟ್ಟೆಕಿಚ್ಚಿನಿಂದ ಕಿರಿಯಳಿಗೆ ವಿಷ ಸೇರಿಸಿದ ಎಲೆ-ಅಡಿಕೆ ಮಡಿಸಿ ಕೊಡುತ್ತಾಳೆ. ಕಿರಿಯಳು ಅದನ್ನು ತಿಂದು, ಮೂರು ನುಡಿಯ ಒಂದು ಹಾಡು ಹಾಡಿ, ಪ್ರಾಣ ಬಿಡುತ್ತಾಳೆ.

ಆ ಹಾಡು ನನಗೆ ಬೇಕಿತ್ತು. ಇಪ್ಪತ್ತು ವರ್ಷ ಮಂಡಳಿಯಲ್ಲಿ ಮೊದಲ ಸಾಲು ಎತ್ತಿಕೊಟ್ಟವಳು ನಾನು. ಮಾಸ್ತರು ಅದನ್ನು ಮೊದಲ ಸಲ ನುಡಿಸಿದಾಗ ನನಗೆ ಅಳು ಬಂದಿತ್ತು. ಇದು ನನ್ನದೇ ಎಂದು ಅಲ್ಲೇ ನಿಶ್ಚಯಿಸಿಕೊಂಡಿದ್ದೆ. ಆಮೇಲೆ ನೋಡಿದರೆ ಹೀಗಾಯಿತು. ಮುಖ ಊದಿಸಿಕೊಂಡು ಕೇಳಿದ್ದಕ್ಕೆ ಮಾಸ್ತರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಸಾಯೋದಕ್ಕೆ ಯಾರಾದ್ರೂ ಸಿಗ್ತಾರೆ ತಾಯಿ. ಕೊಲ್ಲಾಕೆ ದಮ್ ಬೇಕು. ನಿಮ್ ಕಣ್ಣು ನೋಡಿದ್ರೆ ನನಗೇ ಹೆದ್ರಿಕೆ ಆಗ್ತೈತೆ.”

ಹೊಗಳಿಕೆಯೋ ಬೈಗುಳವೋ ತಿಳಿಯದೆ ಒಪ್ಪಿಕೊಂಡೆ. ವಾರಗಿತ್ತಿಯ ಜೊತೆ ಮಾತು ಮಾತ್ರ ಬಿಟ್ಟೆ. ಅಡುಗೆಮನೆಯಲ್ಲಿ ಉಪ್ಪು ಬೇಕಾದರೂ ನಮ್ಮ ಅತ್ತೆಯ ಮುಖಾಂತರವೇ ಕೇಳುತ್ತಿದ್ದೆ. “ಅತ್ತೆ, ಉಪ್ಪಿನ ಡಬ್ಬಿ ಯಾರ ಹತ್ರ ಐತೆ ನೋಡ್ರಿ.” ಅತ್ತೆಗೆ ಎರಡು ತಿಂಗಳು ಇದೇ ಕೆಲಸವಾಯಿತು. ಮಂಡಳಿಯಲ್ಲೂ ಎಲ್ಲರಿಗೂ ಗೊತ್ತಾಗಿ, ಹಿಂದಿನಿಂದ ನಗುತ್ತಿದ್ದರು.

ತಾಲೀಮಿನಲ್ಲಿ ಬರೀ ಎಲೆಗೆ ಸಕ್ಕರೆ ಹಾಕಿ ಕೊಡುತ್ತಿದ್ದೆವು. ಪ್ರದರ್ಶನ ಹತ್ತಿರ ಬಂದಾಗ ಮಾಸ್ತರು ತಕರಾರು ತೆಗೆದರು. “ನೋಡಾಕೆ ಬರೋರೆಲ್ಲ ಅಡಿಕೆ ಬೆಳೆಯೋ ಜನ. ಖಾಲಿ ಎಲೆ ಅಗಿದ್ರೆ ಕೊನೇ ಸಾಲಿನೋರಿಗೂ ಗೊತ್ತಾಗ್ತೈತೆ. ತುಟಿ ಕೆಂಪಾಗ್ಬೇಕ್ರಿ!” ಎಲೆ ಕೊಡುವವಳು ನಾನಾದ್ದರಿಂದ ಎಲೆ ಮಡಿಸುವ ಕೆಲಸವೂ ನನಗೇ ಬಂತು.

ನಮ್ಮ ಮನೆಯಲ್ಲಿ ಅಡಿಕೆಯ ಡಬ್ಬಿಗಳು ಎರಡು. ಒಂದು ಬಂದವರಿಗೆ ಕೊಡುವುದು. ಇನ್ನೊಂದರಲ್ಲಿ ಬಚ್ಚಲ ಹಿಂದಿನ ಒಂಟಿ ಮರದ ಅಡಿಕೆ. ಆ ಮರದ ಅಡಿಕೆ ಸೊಕ್ಕುತ್ತದೆ. ಅಗಿದ ಸ್ವಲ್ಪ ಹೊತ್ತಿಗೆ ಕಿವಿ ಬಿಸಿಯಾಗಿ, ಮೈಯೆಲ್ಲ ಬೆವೆತು, ಎದೆ ಹಿಡಿದಂತಾಗಿ ತಲೆ ಗಿರ್ರನೆ ತಿರುಗುತ್ತದೆ. ಅದಕ್ಕೇ ಅತ್ತೆ ಅದನ್ನು ಪೂಜೆಗಷ್ಟೇ ಎಂದು ಬೇರೆ ಇಟ್ಟು, ಯಾರೂ ಬಾಯಿಗೆ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದ್ದರು.

ನಾಟಕದ ದಿನ ಬೆಳಿಗ್ಗೆ ನಾನು ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ವಾರಗಿತ್ತಿ ಅಂಗಳ ಗುಡಿಸುತ್ತ ಆ ಹಾಡನ್ನೇ ಹಾಡಿಕೊಳ್ಳುತ್ತಿದ್ದಳು. ಮೂರನೆಯ ನುಡಿಯಲ್ಲಿ ಸ್ವರವನ್ನು ಒಂದು ಕಡೆ ಸಣ್ಣಗೆ ತಿರುಗಿಸಿದಳು. ಅದು ನಾನೇ, ಅವಳು ಮದುವೆಯಾಗಿ ಬಂದ ಹೊಸದರಲ್ಲಿ, ಭಜನೆಯಲ್ಲಿ ಕಲಿಸಿಕೊಟ್ಟ ತಿರುವು. ನನಗಿಂತ ಚೆನ್ನಾಗಿ ಬಂತು. ಡಬ್ಬಿಗೆ ಕೈ ಹಾಕಿ ಎರಡು ಹೋಳು ತೆಗೆದು ಎಲೆ ಮಡಿಸಿಬಿಟ್ಟೆ. ಯಾವ ಡಬ್ಬಿ ಎಂದು ನೋಡಲಿಲ್ಲ. ನೋಡಲಿಲ್ಲವೋ, ನೋಡಿಯೂ ಸುಮ್ಮನಾದೆನೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಚನ್ನಗಿರಿಯ ಸಮುದಾಯ ಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಪರದೆ ಎದ್ದಿತು. ಕುರ್ಚಿಗಳೆಲ್ಲ ತುಂಬಿದ್ದವು. ಕೊಳಲು ನುಡಿಸುವವನಾಗಿದ್ದ ನಮ್ಮ ಅಂಗನವಾಡಿ ಟೀಚರ್ ಕೊಳಲನ್ನು ತುಟಿಗಿಟ್ಟು ತೆಗೆದರೆ ಅರ್ಧ ಮೀಸೆ ಕೊಳಲಿಗೆ ಅಂಟಿಕೊಂಡು ಬಂತು. ಜನ ಬಿದ್ದು ಬಿದ್ದು ನಕ್ಕರು. ಅವರು ಎದೆಗುಂದದೆ ಉಳಿದರ್ಧ ಮೀಸೆಯಲ್ಲೇ ಪ್ರೀತಿ ಮಾಡಿದರು.

ಕೊನೆಯ ದೃಶ್ಯ ಬಂತು. “ತಗೋ ತಂಗಿ, ನಿನ್ನ ಗೆಲುವಿಗೆ” ಎಂದು ಎಲೆ ಕೊಟ್ಟೆ. ವಾರಗಿತ್ತಿ ಬಾಯಿಗೆ ಹಾಕಿಕೊಂಡು ಅಗಿದಳು. ತಟ್ಟನೆ ನಿಲ್ಲಿಸಿ ನನ್ನ ಮುಖ ನೋಡಿದಳು. ಮಾತು ಮರೆತಿದ್ದಾಳೆ ಎಂದುಕೊಂಡು ನನಗೆ ಒಳಗೊಳಗೇ ಖುಷಿಯಾಯಿತು. ಅವಳು ಮತ್ತೆ ಅಗಿಯತೊಡಗಿದಳು, ಹಾಡು ಶುರುಮಾಡಿದಳು.

ಮೊದಲ ನುಡಿ ಚಿನ್ನದಂತಿತ್ತು. ಎರಡನೆಯದರ ನಡುವೆ ದನಿ ನಡುಗಿತು. ಅವಳ ಹಣೆಯ ಮೇಲೆ ಬೆವರಿನ ಸಾಲು, ಕಿವಿಗಳು ಕೆಂಪು. ಬಚ್ಚಲ ಹಿಂದಿನ ಮರ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಅವಳು ತೂರಾಡಿದಳು. ನಾನು ಓಡಿ ಹಿಡಿದುಕೊಂಡು, ಅಲ್ಲೇ ಕುಳಿತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ನಾಟಕದಲ್ಲಿ ಹಾಗಿರಲಿಲ್ಲ. ಕೊಲ್ಲುವವಳು ದೂರದಲ್ಲಿ ನಿಂತು ನಗಬೇಕಿತ್ತು.

“ಏನ್ ಪಾರ್ಟು ಮಾಡ್ತಾಳವ್ವ, ನಿಜವಾಗ್ಲೂ ಸಾಯಂಗೆ ಐತೆ!” ಎಂದಳು ಮುಂದಿನ ಸಾಲಿನ ಮುದುಕಿ.

ಮೂರನೆಯ ನುಡಿ ಉಳಿದಿತ್ತು. ಮಾಸ್ತರು ಅದೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುತ್ತ ನಮ್ಮನ್ನೇ ನೋಡುತ್ತಿದ್ದರು. ವಾರಗಿತ್ತಿ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದಳು. “ನೀನೇ ಹಾಡಕ್ಕ.”

ನಾಟಕದ ಮಾತು ಬಿಟ್ಟರೆ, ಎರಡು ತಿಂಗಳ ಮೇಲೆ ನಮ್ಮಿಬ್ಬರ ನಡುವೆ ಬಂದ ಮೊದಲ ಮಾತು ಅದು. ನಾನು ಹಾಡಿದೆ. ನಾನು ಬಯಸಿದ್ದು ಇದನ್ನೇ, ಆದರೆ ಹೀಗೆ ಬಯಸಿರಲಿಲ್ಲ. ಒಂದು ಕೈಯಲ್ಲಿ ಸೆರಗಿನಿಂದ ಅವಳಿಗೆ ಗಾಳಿ ಹಾಕುತ್ತ, ಭಯದಲ್ಲಿ, ನಾಚಿಕೆಯಲ್ಲಿ ಹಾಡಿದೆ. ಆ ತಿರುವು ಬಂದಾಗ ಸ್ವರ ಒಡೆಯಿತು. ಭವನದ ತುಂಬ ಜನ ಮೂಗು ಒರೆಸಿಕೊಂಡರು. ಕೊಂದವಳೇ ಅಳುತ್ತ ಸತ್ತವಳ ಹಾಡು ಮುಗಿಸುವುದು ಮಾಸ್ತರ ಹೊಸ ಯೋಚನೆ ಎಂದು ಎಲ್ಲರೂ ಹೊಗಳಿದರು. ಮಾಸ್ತರು ಇಲ್ಲವೆನ್ನಲಿಲ್ಲ.

ಪರದೆ ಬಿದ್ದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಫ್ಯಾನಿನ ಕೆಳಗೆ ಮಲಗಿಸಿದೆವು. ಅರ್ಧ ಗಂಟೆಯಲ್ಲಿ ಎದ್ದು ಕುಳಿತಳು. ಮಂಡಳಿಯವರೆಲ್ಲ ಸುತ್ತ ನಿಂತು ಏನಾಯಿತೆಂದು ಕೇಳಿದರೆ, “ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ರಿ, ತಲೆ ಸುತ್ತು ಬಂತು” ಎಂದಳು. ಪರದೆ ಏಳುವ ಮೊದಲು ನನ್ನ ಪಕ್ಕದಲ್ಲೇ ಕುಳಿತು ಎರಡು ಪ್ಲೇಟು ಮಂಡಕ್ಕಿ, ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಹೋಗಿ ಅವಳ ಪಕ್ಕ ಕುಳಿತೆ. “ಡಬ್ಬಿ ನೋಡ್ಲಿಲ್ಲ ಕಣೇ. ಬೇಕಂತ ಹಾಕಿದ್ನೋ ಏನೋ, ನನಗೇ ಗೊತ್ತಿಲ್ಲ.”

“ಬಾಯಿಗೆ ಹಾಕಿದ ಕೂಡ್ಲೇ ಗೊತ್ತಾತಕ್ಕ. ಬಂದ ಹೊಸದ್ರಲ್ಲಿ ತಿಳೀದೆ ಒಂದ್ಸಲ ಅಗಿದಿದ್ನಲ್ಲ, ಆ ಮರದ ಒಗರು ಬೇರೆ ಯಾವುದಕ್ಕೂ ಇಲ್ಲ.”

“ಉಗುಳಬಾರ್ದಾ ಮತ್ತೆ!”

“ಉಗುಳಿದ್ರೆ ಎಲ್ರಿಗೂ ಗೊತ್ತಾಗ್ತಿತ್ತು. ನಾವು ಮಾತು ಬಿಟ್ಟಿದ್ದು ಯಾರಿಗೆ ತಿಳೀದು? ಅಕ್ಕನೇ ಬೇಕಂತ ಕೊಟ್ಲು ಅಂತಿದ್ರು. ನಾಳೆಯಿಂದ ನೀನು ಮಂಡಳಿಗೆ ಹೆಂಗೆ ಬರ್ತಿದ್ದೆ?”

ಅವಳ ಕೈ ಹಿಡಿದುಕೊಂಡು ಕುಳಿತೆ. ಅವಳು ನಮ್ಮ ಸ್ಟಾಪು ಬರುವವರೆಗೂ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು.

ಈ ವರ್ಷ ಅದೇ ನಾಟಕಕ್ಕೆ ನ್ಯಾಮತಿಯಿಂದ ಕರೆ ಬಂತು. ವಾರಗಿತ್ತಿ ಮಾಸ್ತರ ಹತ್ತಿರ ಹಟ ಹಿಡಿದು ಪಾತ್ರ ಅದಲುಬದಲು ಮಾಡಿಸಿದಳು. “ನನಗೂ ಕೊಲ್ಲಾಕೆ ಬರ್ತೈತೆ, ನೋಡ್ರಿ ಬೇಕಾದ್ರೆ!” ಎಲೆ ಮಡಿಸುವ ಕೆಲಸ ಅವಳಿಗೆ ಹೋಯಿತು. ಹೊರಡುವಾಗ, ಅವತ್ತಿನ ಅಡಿಕೆಯ ಸುಳಿವು ಹೇಗೋ ಹತ್ತಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, “ಬಿಚ್ಚಿ ನೋಡಿ ಬಾಯಿಗೆ ಹಾಕ್ಕಳವ್ವ” ಎಂದು ಎಚ್ಚರಿಸಿದರು.

ರಂಗದ ಮೇಲೆ ಅವಳು ಎಲೆ ಚಾಚಿದಳು. ಬಿಚ್ಚಿ ನೋಡಲಿಲ್ಲ, ಹಾಗೆಯೇ ಬಾಯಿಗೆ ಹಾಕಿಕೊಂಡೆ. ಒಳ್ಳೆಯ ಡಬ್ಬಿಯ ಅಡಿಕೆ, ಅದರ ಜೊತೆ ಒಂದು ತುಂಡು ಕಲ್ಲುಸಕ್ಕರೆ. ಅವತ್ತು ನಗು ತಡೆದುಕೊಂಡು ಸಾಯುವುದರಲ್ಲಿ ನನಗೆ ಸಾಕುಸಾಕಾಯಿತು.