ಹೆಬ್ಬೆರಳುದ್ದದ ಸವತಿ

ಹೊಟ್ಟೆಕಿಚ್ಚು ಪಡಲಿಕ್ಕೂ ಒಂದು ಅಂತಸ್ತು ಬೇಕು. ನೆರೆಮನೆಯವಳ ಬಂಗಾರ, ಈ ವಯಸ್ಸಿನಲ್ಲೂ ಸಲೀಸಾಗಿ ಮಡಚುವ ಬೀಗಿತ್ತಿಯ ಮೊಣಕಾಲು, ಇಂಥದನ್ನು ಕಂಡು ಉರಿದುಕೊಂಡರೆ ಒಂದು ಮರ್ಯಾದೆ. ನಾನು ಉರಿದುಕೊಳ್ಳುತ್ತಿರುವುದು ನನ್ನ ಹೆಬ್ಬೆರಳಿನಷ್ಟೇ ಉದ್ದದ ಒಬ್ಬ ಪ್ಲಾಸ್ಟಿಕ್ ಸಿಪಾಯಿಯ ಮೇಲೆ. ಅದನ್ನು ಬರೆಯೋಣವೆಂದರೆ ಈ ಫೋನು ಅಡ್ಡಗಾಲು ಹಾಕುತ್ತದೆ. ಮೊಮ್ಮಗಳು ಲೀಲಾ ಈಚೆಗಷ್ಟೇ ಟೈಪಿಂಗ್ ಕಲಿಸಿದ್ದಾಳೆ. 'ಮತ್ಸರ' ಎಂದು ಒತ್ತಹೊರಟರೆ ಅರ್ಧದಲ್ಲೇ 'ಮತ್ಸ್ಯ' ಎಂದು ತಂದಿಡುತ್ತದೆ. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಆದರೂ ಫೋನಿನ ಮಾತಿನಲ್ಲಿ ಹುರುಳಿದೆ. ಎರಡನ್ನೂ ಎಷ್ಟು ಮುಚ್ಚಿಟ್ಟರೂ ವಾಸನೆ ನಿಲ್ಲುವುದಿಲ್ಲ.

ಹಂಪಿಗೆ ಹತ್ತಿರದ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ನನ್ನದಾಗಿತ್ತು. ಊಟವಾಗಿ ಸೊಸೆ ಅಡ್ಡಾದಳೆಂದರೆ ನಡುಮನೆಯ ನೆಲದ ಮೇಲೆ ಬಳಪದಿಂದ ಚೌಕಾಬಾರದ ಮನೆ ಬರೆಯುತ್ತಿದ್ದೆ. ಏಳು ವರ್ಷದ ಲೀಲಾಗೆ ಬಳೆಚೂರಿನ ಕಾಯಿ, ಅವಳ ತಮ್ಮ ಐದರ ಪಂಪುವಿಗೆ ಪುಟಾಣಿ ಕಡಲೆ, ನನಗೆ ಹುಣಸೆಬೀಜ. ಸೋಲುವ ಹೊತ್ತಿಗೆ ಪಂಪು ತನ್ನ ಕಾಯನ್ನೇ ತಿಂದುಬಿಡುತ್ತಿದ್ದ, ಅದೊಂದು ಬಿಟ್ಟರೆ ನಮ್ಮದು ಸುಖದ ರಾಜ್ಯ.

ಆಗ ಬಂತು ಆ ಡಬ್ಬಿ. ತಂದವನು ನನ್ನ ಮಗ ವೀರೇಶ. ಸಂಡೂರಿನ ಕಡೆ ಗಣಿಯಲ್ಲಿ ಕೆಲಸ, ದಿನಾ ಕೆಂಪು ದೂಳು ತಿಂದು ರಾತ್ರಿ ಮನೆಗೆ ಬರುವವನು. ಮಕ್ಕಳು ಮೊಬೈಲ್ ಬಿಡಲಿ ಎಂದು ಯುದ್ಧದ ಆಟ ತಂದೆನೆಂದ. ಡಬ್ಬಿಯೊಳಗೆ ಬೂದುಬಣ್ಣದ ಪುಟ್ಟ ಸಿಪಾಯಿಗಳು. ಅವರ ಕೈಕಾಲು ಬಿಡಿಬಿಡಿ. ಕತ್ತರಿಸಿ, ಅಂಟಿಸಿ, ನಾಲ್ಕೇ ಕೂದಲಿನ ಕುಂಚದಿಂದ ಬಣ್ಣ ಹಚ್ಚಬೇಕು. ಊಟದ ಮೇಜಿನ ಮೇಲೆ ಹಸಿರು ಚಾದರ ಹಾಸಿದರೆ ಬಯಲು, ಅದರ ಕೆಳಗೆ ಚೊಂಬು ಬೋರಲು ಹಾಕಿದರೆ ಗುಡ್ಡ. ಎಷ್ಟು ದೂರ ನಡೆಯಬೇಕೆಂದು ಅಳೆಯಲು ನನ್ನ ಹೊಲಿಗೆ ಡಬ್ಬಿಯ ಟೇಪು.

"ಏನಲೇ ಇದು, ಯುದ್ಧಕ್ಕ ಹೊಂಟಾರೋ ಕುಪ್ಪಸ ಹೊಲಿಯಾಕ ಹೊಂಟಾರೋ?" ಎಂದೆ.

"ಸುಮ್ನಿರಬೇ, ಅಳತಿ ತಪ್ಪತೈತಿ," ಎಂದ ವೀರೇಶ.

ಆ ದಂಡಿನಲ್ಲಿ ಕೆಂಪು ಶಾಲು ಹೊದ್ದ ಸೇನಾಧಿಪತಿಯೊಬ್ಬನಿದ್ದ. ಅವನ ಹುಬ್ಬು ತಿದ್ದಲು ಮಗ ಭೂತಗನ್ನಡಿ ಹಿಡಿದು ಕೂರುತ್ತಿದ್ದ. ನನ್ನ ಕನ್ನಡಕದ ಕಡ್ಡಿ ಮುರಿದಾಗ ಮನೆಯಲ್ಲಿ ಅಂಟು ಇರಲಿಲ್ಲ. ಅವನ ಕತ್ತಿ ಮುರಿದಾಗ ಇತ್ತು. ನನ್ನ ಸಿಟ್ಟಿಗೆ ಇಷ್ಟು ಸಾಲದೇ?

ನ್ಯಾಯವಾಗಿ ಹೇಳಬೇಕೆಂದರೆ ಮಗ ಚೆನ್ನಾಗಿಯೇ ಕಲಿಸುತ್ತಿದ್ದ. ಪಂಪು ತನ್ನ ಸರದಿಗೆ ಕಾಯುವುದನ್ನು ಕಲಿತ, ಲೀಲಾ ಎರಡು ದಾಳ ನೋಡಿದೊಡನೆ ಕೂಡಿಸಿ ಹೇಳುತ್ತಿದ್ದಳು. ಅದಕ್ಕೇ ಇನ್ನಷ್ಟು ಉರಿಯಿತು. ಇದನ್ನೆಲ್ಲ ಕವಡೆ ಹಿಡಿದು ಮೊದಲು ಶುರುಮಾಡಿಸಿದವಳು ನಾನಲ್ಲವೇ?

ಹಂಪಿಯ ಮಂಟಪಗಳಲ್ಲಿ ಕಂಬ ನೋಡುವವರೇ ಹೆಚ್ಚು. ನನ್ನಂತೆ ಕಾಲುನೋವಿನವರು ಕೂತು ನೆಲ ನೋಡುತ್ತೇವೆ. ಅಲ್ಲಿ ಕಲ್ಲಿನಲ್ಲೇ ಕೊರೆದ ಆಟದ ಮನೆಗಳಿವೆ. ಯಾರು ಕೊರೆದರೋ ನನಗೆ ತಿಳಿಯದು. ಕಾವಲಿಗೆ ನಿಂತು ಬೇಸತ್ತ ಸಿಪಾಯಿಗಳೇ ಎಂದು ನನ್ನ ಊಹೆ. ನಿಜವಾದ ಸಿಪಾಯಿಗಳು ಕತ್ತಿ ಬದಿಗಿಟ್ಟು ಕವಡೆ ಹಿಡಿದರು, ನನ್ನ ಮೊಮ್ಮಕ್ಕಳು ಕವಡೆ ಬದಿಗಿಟ್ಟು ಸಿಪಾಯಿ ಹಿಡಿದಿದ್ದಾರೆ. ಕಾಲ ತಲೆಕೆಳಗಾಯಿತು ಎನ್ನುವುದು ಇದಕ್ಕೇ ಇರಬೇಕು.

ಒಂದು ಭಾನುವಾರ ಪಂಪುವಿನ ಸಿಪಾಯಿ ಸತ್ತ. ಅವನೇ ಬಣ್ಣ ಹಚ್ಚಿದ, ಮೂಗಿನವರೆಗೂ ಹಳದಿಯಾಗಿದ್ದ ಸಿಪಾಯಿ. ವೀರೇಶ ಅದನ್ನೆತ್ತಿ ಡಬ್ಬಿಗೆ ಹಾಕಿದ್ದೇ ತಡ, ಹುಡುಗ ಓಣಿಗೆ ಕೇಳುವಂತೆ ಅತ್ತ. ನನಗೆ ಮರುಕವಾಯಿತು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು ಸಂತೋಷವಾಯಿತು. ಮೆಲ್ಲಗೆ ಎದ್ದು ಹೋದೆ.

"ಅಳಬ್ಯಾಡ ಕೂಸ. ಅವ ಸತ್ತಿಲ್ಲ, ಮನಿಗೆ ಹೋಗ್ಯಾನ. ಚೌಕಾಬಾರದಾಗ ಕಡಿದ ಕಾಯಿ ಏನಾಗತೈತಿ?"

"ಮನಿಗೆ ಹೋಗತೈತಿ," ಬಿಕ್ಕುತ್ತಲೇ ಅಂದ ಪಂಪು.

"ಆಮ್ಯಾಲ?"

"ಮತ್ತ ಬರತೈತಿ!"

"ಅವ್ವಾ, ರೂಲ್ಸ್‌ನಾಗ ಹಂಗಿಲ್ಲ," ಎಂದ ಮಗ.

"ನಿನ್ನ ರೂಲ್ಸ್ ಬರದಾವಗ ಮೊಮ್ಮಕ್ಕಳು ಇರಲಿಲ್ಲ ಕಾಣತೈತಿ."

ಲೀಲಾ ನಕ್ಕಳು, ಪಂಪು ಕಣ್ಣೊರೆಸಿಕೊಂಡ, ನನ್ನ ನಿಯಮ ಜಾರಿಗೆ ಬಂತು. ಸತ್ತವರೆಲ್ಲ ನನ್ನ ಉಡಿಗೆ. ಕವಡೆ ಹಾಕಿ ನಾಲ್ಕು ಬಿದ್ದರೆ ಮತ್ತೆ ರಣರಂಗಕ್ಕೆ.

ಗೆದ್ದೆನೆಂದು ಬೀಗಿದೆ. ಎಂಥ ದಡ್ಡಿ! ಸತ್ತವರು ಎದ್ದೆದ್ದು ಬಂದರೆ ಯುದ್ಧ ಮುಗಿಯುವುದು ಹೇಗೆ? ಮೊದಲು ಚಹಾ ಹೊತ್ತಿಗೆ ನಿಲ್ಲುತ್ತಿದ್ದ ಆಟ ದೀಪ ಹಚ್ಚುವ ತನಕ ನಡೆಯತೊಡಗಿತು. ನಡುಮನೆಯ ನೆಲದ ಮೇಲೆ ಬಳಪದ ಗೆರೆ ಬೀಳುವುದೇ ನಿಂತಿತು. ಕವಡೆಗಳೂ ಮೇಜು ಹತ್ತಿದವು. ನಾನು ಮೂಲೆಯ ಕುರ್ಚಿಯಲ್ಲಿ ಹೆಣ ಕಾಯುತ್ತಾ ಕೂತೆ.

ಅಂಥದೊಂದು ಸಂಜೆ ಲೀಲಾಳ ಕೈಯಲ್ಲಿ ಸಾಕ್ಷಾತ್ ಸೇನಾಧಿಪತಿಯೇ ಮಡಿದು ನನ್ನ ಉಡಿಗೆ ಬಂದ. ಉಡಿಯಿಂದ ಎಲೆಅಡಿಕೆ ಸಂಚಿಗೆ ಅವನು ಹೇಗೆ ಜಾರಿದ ಎಂಬುದನ್ನು ನನ್ನ ಕೈಯನ್ನೇ ಕೇಳಬೇಕು.

ವಾರವಿಡೀ ಹುಡುಕಾಟ. ಮಂಚದ ಕೆಳಗೆ, ಕಸಬರಿಗೆ ಸಂದಿಯಲ್ಲಿ, ಕೊನೆಗೆ ಪಂಪುವಿನ ಬಾಯಲ್ಲಿ ಕೂಡ. ಭಾನುವಾರ ಊಟವಾದ ಮೇಲೆ ವೀರೇಶ ನನ್ನ ಮುಂದೆ ಬಂದು ನಿಂತ.

"ಅಲ್ಲಬೇ, ಉಂಡ ಕೈ ಆರೂದ್ರಾಗ ಎಲಿ ಹಾಕ್ಕೊಳ್ಳಾಕಿ ನೀನು. ಈ ವಾರ ನನ್ನ ಮುಂದ ಸಂಚಿ ಬಿಚ್ಚವಲ್ಲಿ, ಯಾಕ?"

ನಾನು ಗೋಡೆಯ ಹಲ್ಲಿ ನೋಡಿದೆ.

"ಏನು ಬೇಕು ಹೇಳು," ಎಂದ ವೀರೇಶ.

"ಒಂದಾಟ. ನೆಲದ ಮ್ಯಾಲ. ಒಂದೂ ಕಾಯಿ ಕಡಿಸ್ಕೊಳ್ಳದ ಗೆದ್ರ ಬಿಡಿಸ್ಕೊಂಡು ಹೋಗು."

ಕೂತ. ನನ್ನ ಮೊಣಕಾಲಿಗಿಂತ ಅವನದೇ ಜೋರಾಗಿ ಲಟಕೆಂದಿತು, ಸಮಾಧಾನವಾಯಿತು. ಮೀಸೆ ಬಂದ ಮೇಲೆ ಮಗ ನನ್ನೆದುರು ಹೀಗೆ ಕೂತದ್ದು ಇದೇ ಮೊದಲು. ಮಕ್ಕಳು ಮೇಜು ಬಿಟ್ಟು ಓಡಿಬಂದವು.

"ಅಪ್ಪಗೂ ಈ ಆಟ ಬರತೈತೇನಜ್ಜಿ?" ಎಂದಳು ಲೀಲಾ.

"ಆಟ ನಾ ಕಲಿಸೀನಿ. ಮೋಸ ತಾನ ಕಲ್ತಾನ."

ಚೆನ್ನಾಗಿಯೇ ಆಡಿದ. ಮೂರು ಕಾಯಿ ಹಣ್ಣು ಮಾಡಿಕೊಂಡ. ಕೊನೆಯದು ನಡುವಿನ ಮನೆಗೆ ಒಂದೇ ಹೆಜ್ಜೆ ದೂರದಲ್ಲಿ ನಿಂತಿತ್ತು. ನನ್ನ ಹುಣಸೆಬೀಜ ಅದಕ್ಕೆ ಎರಡು ಮನೆ ಹಿಂದಿತ್ತು, ಎರಡು ಬಿದ್ದರೆ ಕಡಿಯಬಹುದು. ಇಂಥ ಕಡೆ ತಾಯಿಯಾದವಳು ಸೋಲಬೇಕು ಎನ್ನುತ್ತಾರೆ. ಸೋತರೆ ಸೇನಾಧಿಪತಿ ಹೋಗುತ್ತಾನೆ, ಅವನ ಹಿಂದೆಯೇ ಮಗ ಎದ್ದು ಮೇಜಿಗೆ ಹೋಗುತ್ತಾನೆ. ಕವಡೆ ಕುಲುಕಿದೆ, ಬಿಟ್ಟೆ. ಎರಡು.

ಕಡಿದೆ.

"ಅವ್ವಾ!" ಎಂದು ಚೀರಿದ, ಥೇಟ್ ಪಂಪುವಿನ ಹಾಗೆ.

ನಾನು ಎಲ್ಲರೆದುರೇ ಸಂಚಿ ಬಿಚ್ಚಿ, ಶಾಲಿಗೆ ಸುಣ್ಣ ಮೆತ್ತಿಕೊಂಡು ಮಲಗಿದ್ದ ಸೇನಾಧಿಪತಿಯನ್ನು ಪಕ್ಕಕ್ಕೆ ಸರಿಸಿ, ಒಂದು ಎಲೆ ತೆಗೆದುಕೊಂಡೆ.

"ಅಳಬ್ಯಾಡಲೇ. ಸತ್ತಿಲ್ಲ, ಮನಿಗೆ ಹೋಗೇತಿ. ಬರೋ ಐತ್ವಾರ ಮತ್ತ ಬಾ."